ಕೆಳಗಿನ ನೀರು, ಮೇಲಿನ ನೀರು: ಜನ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತೆರಡು ವರ್ಷದಿಂದ ನೀರಿನ ಬಾಟಲಿ ಹಿಡಿದು ಊರೂರು ಅಲೆಯುತ್ತಿದ್ದೇನೆ. ಬೋರ್ ನೀರು, ಕೆರೆ ನೀರು, ಹೊಳೆ ನೀರು. ಹೋದಲ್ಲೆಲ್ಲ ಜನ ಏನಾದರೂ ಕೇಳುತ್ತಾರೆ. ಪಂಚಾಯ್ತಿ ಕಟ್ಟೆಯಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಕಾಲೇಜು ಹುಡುಗ ಹುಡುಗಿಯರು ಪತ್ರ ಬರೆಯುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಸುಲಭದ್ದು ಮೊದಲು.

## ಎಲ್ಲರೂ ಕೇಳುವುದು

ಮೇಡಂ, ನೀವು ಬೋರ್ ಪಾಯಿಂಟ್ ಮಾಡಿ ಕೊಡೋರಾ?

ಆ ಕೆಲಸ ಬರುತ್ತದೆ, ಆದರೆ ಅದು ನನ್ನ ಕಸುಬಿನ ಒಂದು ಮೂಲೆ. ನೀರು ಎಲ್ಲಿದೆ, ಎಷ್ಟಿದೆ, ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಏನೇನು ಕರಗಿದೆ ಅಂತ ನೋಡುವುದು ಜಲವಿಜ್ಞಾನ. ಅದರಲ್ಲೂ ನೆಲದಡಿಯ ನೀರನ್ನೇ ಹಿಡಿದು ಕೂತವರನ್ನು ಹೈಡ್ರೋಜಿಯಾಲಜಿಸ್ಟ್ ಅನ್ನುತ್ತಾರೆ. ನಾನು ಓದಿದ್ದು ಭೂವಿಜ್ಞಾನ. ಹಾಗಾಗಿ ಮೊದಲ ಹತ್ತು ವರ್ಷ ಬೋರ್‌ವೆಲ್‌ಗಳ ಸುತ್ತಲೇ ಇದ್ದೆ. ಆಮೇಲೆ ಹೊಳೆಗೆ ಇಳಿದೆ. ಬಾವಿಗಳನ್ನು ನೋಡದೆ ಹೊಳೆ ಅರ್ಥವಾಗುವುದಿಲ್ಲ ಅಂತ ಇಳಿದ ಮೇಲೆ ಗೊತ್ತಾಯಿತು.

ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತರೆ ಅಲ್ಲಿ ನೀರಿದೆ ಅಂತಾರಲ್ಲ, ನಿಜಾನಾ?

ಪರೀಕ್ಷೆಗೆ ಒಡ್ಡಿದಾಗ ಅದು ಕಣ್ಣು ಮುಚ್ಚಿ ಗುರುತು ಹಾಕಿದ್ದಕ್ಕಿಂತ ಜಾಸ್ತಿ ಗೆದ್ದಿಲ್ಲ. ಆದರೆ ನೀರು ನೋಡುವ ಹಳೆಯ ತಲೆಗಳಿಗೆ ಕಾಯಿಗಿಂತ ಕಣ್ಣು ಚುರುಕು. ತಗ್ಗು ಎಲ್ಲಿದೆ, ಬೇಸಿಗೆಯಲ್ಲೂ ಹಸಿರಾಗಿರುವ ಮರ ಯಾವುದು, ಪಕ್ಕದ ಹೊಲದ ಬೋರ್ ಎಷ್ಟು ಅಡಿಗೆ ಸಿಕ್ಕಿತು ಅಂತ ಅವರಿಗೆ ಗೊತ್ತಿರುತ್ತದೆ. ನಾವು ನೆಲಕ್ಕೆ ನಾಲ್ಕು ಸರಳು ಚುಚ್ಚಿ, ಕರೆಂಟ್ ಹಾಯಿಸಿ, ಕಲ್ಲು ಎಷ್ಟು ತಡೆಯೊಡ್ಡುತ್ತದೆ ಅಂತ ಅಳೆಯುತ್ತೇವೆ. ಒಣ ಬಂಡೆ ಜಾಸ್ತಿ ತಡೆಯುತ್ತದೆ, ನೀರು ತುಂಬಿದ ಬಿರುಕು ಕಡಿಮೆ. ಅದೂ ಗ್ಯಾರಂಟಿ ಏನಲ್ಲ, ಸಾಧ್ಯತೆ ಹೇಳುತ್ತದೆ ಅಷ್ಟೇ.

ನಮ್ಮ ಚಿಕ್ಕಪ್ಪ ನನ್ನ ರಿಪೋರ್ಟ್ ಓದಿಸಿಕೊಂಡರು. ಆಮೇಲೆ ಕಾಯಿ ಹಿಡಿಯುವವರನ್ನೂ ಕರೆಸಿದರು. ಇಬ್ಬರೂ ಒಪ್ಪಿದ ಜಾಗದಲ್ಲಿ ಕೊರೆಸಿದರು. ಒಂದೂವರೆ ಇಂಚು ನೀರು ಬಂತು. ಹೆಸರು ಬಂದಿದ್ದು ಕಾಯಿಗೆ.

ಭೂಮಿ ಒಳಗೆ ನದಿ ಹರಿಯುತ್ತೆ, ಅದು ಸಿಕ್ಕಿದ್ರೆ ನೀರೇ ನೀರು ಅಂತಾರೆ. ಹೌದಾ?

ನಮ್ಮ ಕಡೆ ಹಾಗಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ಲ, ಸುಮಾರು 300 ಕೋಟಿ ವರ್ಷದ ‘ನೈಸ್’ ಅನ್ನುವ ಜಾತಿಯ ಕಲ್ಲು. ದಕ್ಷಿಣ ಕರ್ನಾಟಕದ ಬಹುಪಾಲು ಅಂಥದ್ದೇ ಗಟ್ಟಿ ಕಲ್ಲಿನ ಮೇಲೆ ಕೂತಿದೆ. ಮೇಲ್ಗಡೆ ಕಲ್ಲು ಸವೆದು ಪುಡಿಯಾದ ಒಂದು ಪದರ ಇರುತ್ತದೆ. ಹಳೆಯ ತೆರೆದ ಬಾವಿಗಳು ಕುಡಿದು ಬದುಕಿದ್ದು ಆ ಪದರವನ್ನೇ. ಅದರ ಕೆಳಗೆ ಬರೀ ಬಂಡೆ. ಬೋರ್ ಲಾರಿಯವರು ‘ಗ್ಯಾಪ್ ಸಿಕ್ತು’ ಅನ್ನುತ್ತಾರಲ್ಲ, ಅದು ಆ ಬಂಡೆಯೊಳಗಿನ ಬಿರುಕು. ಸವೆದ ಪದರದಲ್ಲಿ ನೂರು ಲೀಟರ್ ಗಾತ್ರದ ಕಲ್ಲುಮಣ್ಣಿನಿಂದ ಕೈಗೆ ಬರುವ ನೀರು ಒಂದರಿಂದ ಮೂರು ಲೀಟರ್. ಗಟ್ಟಿ ಬಂಡೆಯಲ್ಲಿ ಅಷ್ಟೂ ಇಲ್ಲ. 1200 ಅಡಿ ಕೊರೆದ ಬೋರ್ ಎರಡೇ ವರ್ಷದಲ್ಲಿ ಕೈಕೊಡುವುದು ಇದಕ್ಕೇ. ಬಿರುಕಿನಲ್ಲಿ ಇದ್ದದ್ದೇ ಅಷ್ಟು.

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ಲಾವಾ ಆರಿ ಆದ ಕಪ್ಪು ಕಲ್ಲು. ಕರಾವಳಿಯಲ್ಲಿ ಮುರಕಲ್ಲು. ಬೀದರ್‌ನಲ್ಲೂ ಅದೇ ಜಾತಿಯ ಕೆಂಪು ಕಲ್ಲು ಇರುವುದರಿಂದಲೇ ಬಹಮನಿಗಳ ಕಾಲದಲ್ಲಿ ಅಲ್ಲಿ ಸುರಂಗ ಬಾವಿ ತೋಡಲು ಆಯಿತು. ಪ್ರತಿ ಕಲ್ಲಿನಲ್ಲೂ ನೀರಿನ ನಡೆ ಬೇರೆ.

## ಕುಡಿಯುವ ನೀರು

ನಮ್ಮ ಬೋರ್ ನೀರು ಕನ್ನಡಿ ಥರ ಇದೆ. ಸುಮ್ನೆ ಯಾಕೆ ಟೆಸ್ಟ್ ಮಾಡಿಸ್ಬೇಕು?

ಕಣ್ಣಿಗೆ ಕಾಣದ್ದೇ ನಮ್ಮ ಕಡೆ ಜಾಸ್ತಿ ಕಾಡುವುದು. ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಅದನ್ನು ಯಾರೂ ತಂದು ಸುರಿದಿಲ್ಲ. ಗ್ರಾನೈಟ್ ಮತ್ತು ನೈಸ್ ಕಲ್ಲಿನ ಖನಿಜಗಳಿಂದಲೇ ಕರಗಿ ಬರುತ್ತದೆ. ನೀರು ಬಂಡೆಯೊಳಗೆ ಎಷ್ಟು ಕಾಲ ಕೂತಿತ್ತೋ ಅಷ್ಟು ಜಾಸ್ತಿ ಕರಗಿಸಿಕೊಳ್ಳುತ್ತದೆ. ಹಾಗಾಗಿ ಬೋರ್ ಆಳಕ್ಕೆ ಹೋದಷ್ಟೂ ನನಗೆ ಭಯ.

ಇದರಲ್ಲೊಂದು ಮೋಸ ಇದೆ. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದಲ್ಲಿ ಫ್ಲೋರೈಡ್ ಏರುತ್ತದೆ. ಅಂದರೆ ಎಷ್ಟೋ ಕಡೆ ಫ್ಲೋರೈಡ್ ನೀರು ಮೆದು ನೀರು. ಸೋಪು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ. ಪಾವಗಡದ ಕಡೆ ಒಂದು ಊರಲ್ಲಿ ‘ಇದು ನಮ್ಮೂರಿನ ಒಳ್ಳೇ ಬೋರ್’ ಅಂತ ತೋರಿಸಿದ ನೀರಲ್ಲೇ ಮಿತಿಯ ಎರಡರಷ್ಟು ಫ್ಲೋರೈಡ್ ಇತ್ತು. ಫ್ಲೋರೈಡ್ ಹಲ್ಲಿಗೆ ಕಲೆ ಹಿಡಿಸುತ್ತದೆ, ಅಲ್ಲಿನ ಶಾಲೆಯ ಮಕ್ಕಳ ಹಲ್ಲು ನೋಡಿದ್ದರೆ ಟೆಸ್ಟ್ ಬೇಕಾಗಿರಲಿಲ್ಲ. ಪಾವಗಡ ಒಂದೇ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಗದಗದ ಮುಂಡರಗಿ, ಕೊಪ್ಪಳ, ರಾಯಚೂರು ಎಲ್ಲ ಕಡೆ ಈ ತೊಂದರೆ ಇದೆ.

ಮಿತಿ ಹೇಳಿಬಿಡುತ್ತೇನೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್‌ಗೆ 45 ಮಿಲಿಗ್ರಾಂ, ಅದರಲ್ಲಿ ಯಾವ ವಿನಾಯಿತಿಯೂ ಇಲ್ಲ. ನೈಟ್ರೇಟ್ ಬರುವುದು ನಮ್ಮಿಂದಲೇ: ಯೂರಿಯಾ, ತಿಪ್ಪೆಗುಂಡಿ, ಶೌಚಾಲಯದ ಗುಂಡಿ. ಊರ ನಡುವಿನ ಹಳೇ ಬೋರ್‌ಗಳಲ್ಲಿ ಅದು ಜಾಸ್ತಿ.

ಚಿನ್ನದ ಅದಿರಿನ ಕಲ್ಲಿದ್ದಲ್ಲಿ ಆರ್ಸೆನಿಕ್ ಅನ್ನುವ ವಿಷ ಇದೆಯಾ ಅಂತಲೂ ನೋಡಬೇಕು. ಸುರಪುರ ಕಡೆಯ ಕಿರದಳ್ಳಿ ತಾಂಡಾದ ಜನ ಅದರಿಂದ ಪಟ್ಟ ಪಾಡು ಯಾದಗಿರಿ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು.

ಆನ್‌ಲೈನಲ್ಲಿ ಮೀಟರ್ ತರಿಸಿದೆ. ಟಿಡಿಎಸ್ 300 ತೋರಿಸ್ತು. ಕುಡೀಬಹುದಲ್ವಾ?

ಆ ಮೀಟರ್ ಅಳೆಯುವುದು ನೀರು ಕರೆಂಟನ್ನು ಎಷ್ಟು ಚೆನ್ನಾಗಿ ಹಾಯಿಸುತ್ತದೆ ಅನ್ನುವುದನ್ನು. ಅದರಿಂದ ಒಟ್ಟು ಉಪ್ಪು ಎಷ್ಟು ಅಂತ ಅಂದಾಜು ಮಾಡಿ ತೋರಿಸುತ್ತದೆ. ಅದು ದಿನಸಿ ಚೀಲ ಎತ್ತಿ ತೂಕ ಹೇಳಿದ ಹಾಗೆ. ಒಳಗೆ ಸಕ್ಕರೆ ಇದೆಯೋ ಇಲಿಪಾಷಾಣ ಇದೆಯೋ ತೂಕಕ್ಕೆ ಗೊತ್ತಿಲ್ಲ. 300ರಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಮೀಟರ್‌ಗೆ ಅದು ಲೆಕ್ಕಕ್ಕೇ ಇಲ್ಲ, ನಿಮ್ಮ ಮೂಳೆಗೆ ಇದೆ. ರೋಗಾಣು ಅಂತೂ ಅದಕ್ಕೆ ಕಾಣುವುದೇ ಇಲ್ಲ.

ಕುದಿಸಿ ಕುಡಿದ್ರೆ ಫ್ಲೋರೈಡ್ ಹೋಗಲ್ವಾ?

ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಅಲ್ಲೇ ಉಳಿದು ಸ್ವಲ್ಪ ಜಾಸ್ತಿಯೇ ಆಗುತ್ತದೆ. ಕುದಿಸುವುದು ರೋಗಾಣುಗಳಿಗೆ ಮದ್ದು.

ಐದು ರೂಪಾಯಿಗೆ 20 ಲೀಟರ್ ಘಟಕದ ನೀರು ತರ್ತೀವಿ. ಇನ್ನೇನು ತೊಂದರೆ?

ಯಂತ್ರದ ಒಳಗಿನ ಪೊರೆ ಸರಿಯಾಗಿದ್ದರೆ ಫ್ಲೋರೈಡ್ ಬಹುಪಾಲು ಹೋಗುತ್ತದೆ. ಎರಡು ವಿಷಯ ಕೇಳಿ. ಒಂದು, ಪೊರೆ ಮತ್ತು ಫಿಲ್ಟರ್ ಬದಲಾಯಿಸಿ ಎಷ್ಟು ದಿನ ಆಯಿತು? ಕಾಯಿನ್ ಹಾಕಿದರೆ ನೀರು ಬರುತ್ತದೆ ಅಂದ ಮಾತ್ರಕ್ಕೆ ಯಂತ್ರ ಕೆಲಸ ಮಾಡುತ್ತಿದೆ ಅಂತಲ್ಲ. ಎರಡು, ಅಡುಗೆಗೆ ಯಾವ ನೀರು? ಕ್ಯಾನ್ ನೀರು ಕುಡಿಯಲು, ಬೋರ್ ನೀರು ಮುದ್ದೆಗೆ, ಸಾರಿಗೆ ಅನ್ನುವ ಮನೆಗಳೇ ಜಾಸ್ತಿ. ಮುದ್ದೆಯೂ ಸಾರೂ ಹೊಟ್ಟೆಗೇ ಹೋಗುವುದಲ್ವಾ?

ಘಟಕ ಹೊರಗೆ ಬಿಡುವ ಉಪ್ಪು ನೀರು ಚರಂಡಿಗೆ, ಅಲ್ಲಿಂದ ಮತ್ತೆ ನೆಲಕ್ಕೆ ಇಳಿಯುತ್ತದೆ. ಅದರ ಬಗ್ಗೆ ನನಗೆ ತಕರಾರಿದೆ, ಆದರೆ ಕುಡಿಯುವ ಮಗುವಿನ ಮುಂದೆ ಆ ತಕರಾರು ಸದ್ಯಕ್ಕೆ ಚಿಕ್ಕದು.

ಲ್ಯಾಬಿಗೆ ನೀರು ಹೇಗೆ ತಗೊಂಡು ಹೋಗ್ಬೇಕು?

ಕೋಲಾ ಬಾಟಲಿ ಬೇಡ. ಬೋರ್ ಮೋಟರ್ ಹಾಕಿದ ಕೂಡಲೇ ಬರುವುದು ಪೈಪಿನಲ್ಲಿ ನಿಂತ ನೀರು. ಹತ್ತು ಹದಿನೈದು ನಿಮಿಷ ಓಡಲು ಬಿಡಿ. ಶುದ್ಧ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು, ಕಂಠದವರೆಗೆ ತುಂಬಿ ಮುಚ್ಚಿ. ರೋಗಾಣು ಪರೀಕ್ಷೆಗೆ ಲ್ಯಾಬ್‌ನವರು ಕೊಡುವ ಬೇರೆ ಬಾಟಲಿ ಬೇಕು. ಅದನ್ನು ತೊಳೆಯಬಾರದು, ಐಸ್‌ನಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಬೇಕು. ಲೋಹಗಳ ಪರೀಕ್ಷೆಗೆ ಸ್ವಲ್ಪ ನೈಟ್ರಿಕ್ ಆಸಿಡ್ ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಕಬ್ಬಿಣ ಬಾಟಲಿಯ ತಳದಲ್ಲಿ ಕೂತುಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯ ಚೀಟಿ. ಊರು, ಬೋರ್ ಇರುವ ಜಾಗ, ಆಳ, ತಾರೀಖು. ಇವಿಲ್ಲದ ನೀರನ್ನು ನಾನು ಮುಟ್ಟುವುದಿಲ್ಲ. ಮೇ ತಿಂಗಳ ನೀರಿಗೂ ನವೆಂಬರ್ ನೀರಿಗೂ, 150 ಅಡಿಯ ನೀರಿಗೂ 900 ಅಡಿಯ ನೀರಿಗೂ ಹೋಲಿಕೆಯೇ ಇರುವುದಿಲ್ಲ.

## ಈ ಕೆಲಸಕ್ಕೆ ಬರಬೇಕು ಅನ್ನುವವರಿಗೆ

ನಾನು ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದ್ತಿದ್ದೀನಿ. ಜಿಯಾಲಜಿ ಇಲ್ಲ. ಬರೋಕೆ ಆಗುತ್ತಾ?

ಖಂಡಿತ. ಈ ಕೆಲಸಕ್ಕೆ ಮೂರು ಬಾಗಿಲಿವೆ. ಭೂವಿಜ್ಞಾನದಿಂದ ಬಂದವರಿಗೆ ಕಲ್ಲು ಗೊತ್ತು. ರಸಾಯನಶಾಸ್ತ್ರದಿಂದ ಬಂದವರಿಗೆ ನೀರಿನ ಒಳಗಿನದು ಗೊತ್ತು. ಸಿವಿಲ್ ಇಂಜಿನಿಯರಿಂಗ್‌ನಿಂದ ಬಂದವರಿಗೆ ಹರಿವಿನ ಲೆಕ್ಕ ಗೊತ್ತು. ಉಳಿದ ಎರಡನ್ನು ಕೆಲಸ ಮಾಡುತ್ತಾ ಕಲಿಯಬೇಕು, ಯಾರಿಗೂ ತಪ್ಪಿದ್ದಲ್ಲ.

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಲು ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇವೆ. ಇಂಜಿನಿಯರಿಂಗ್ ಓದಿದವರಿಗೆ ಸುರತ್ಕಲ್‌ನ ಎನ್‌ಐಟಿಕೆ, ಬೆಂಗಳೂರಿನ ಐಐಎಸ್‌ಸಿ. ಜಲವಿಜ್ಞಾನಕ್ಕೇ ಮೀಸಲಾದ ವಿಭಾಗ ಐಐಟಿ ರೂರ್ಕಿಯಲ್ಲಿದೆ. ಅಂಕಿಅಂಶ ಮತ್ತು ಸ್ವಲ್ಪ ಪ್ರೋಗ್ರಾಮಿಂಗ್ ಈಗಲೇ ಕಲಿತುಬಿಡಿ. ನಾನು ಮೂವತ್ತೈದನೇ ವಯಸ್ಸಿನಲ್ಲಿ ಕಲಿತೆ, ಜೀವ ಬಾಯಿಗೆ ಬಂತು.

ಕೆಲಸ ಎಲ್ಲಿ ಸಿಗುತ್ತೆ, ಸಂಬಳ ಎಷ್ಟು ಅಂತ ಬಾಯಿಬಿಟ್ಟು ಹೇಳಿ.

ಹೇಳುತ್ತೇನೆ. ಕೇಂದ್ರ ಅಂತರ್ಜಲ ಮಂಡಳಿಯ ‘ಸೈಂಟಿಸ್ಟ್ ಬಿ’ ಹುದ್ದೆಗೆ ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ ಸೈಂಟಿಸ್ಟ್ ಪರೀಕ್ಷೆ ಬರೆಯಬೇಕು. ಭೂಜಲ, ಭೂಭೌತ, ರಸಾಯನ ಅಂತ ಮೂರು ವಿಭಾಗ ಇವೆ. ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನ ತಿಂಗಳಿಗೆ 56,100 ರೂಪಾಯಿಯಿಂದ ಶುರು, ಭತ್ಯೆಗಳು ಬೇರೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯ, ಮಾಲಿನ್ಯ ನಿಯಂತ್ರಣ ಮಂಡಳಿ, ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಬೆಳಗಾವಿ ಕೇಂದ್ರ, ಇಲ್ಲೆಲ್ಲ ಹುದ್ದೆಗಳಿವೆ. ಯಾವಾಗ ತುಂಬುತ್ತಾರೆ ಅನ್ನುವುದು ಮಳೆ ಥರ. ನೆಟ್ ಪರೀಕ್ಷೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್‌ಗೆ ಅರ್ಹರಾಗಿ ಪಿಎಚ್.ಡಿ.ಗೆ ಸೇರಿದರೆ ಆ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಖಾಸಗಿಯಲ್ಲಿ ಗಣಿ, ಕಾರ್ಖಾನೆ, ಅಪಾರ್ಟ್‌ಮೆಂಟ್‌ಗಳಿಗೆ ರಿಪೋರ್ಟ್ ಬರೆಯುವ ಕನ್ಸಲ್ಟೆನ್ಸಿಗಳಿವೆ. ಅಲ್ಲಿ ದುಡ್ಡು ಬೇಗ ಬರುತ್ತದೆ. ಯಾರು ಫೀಸು ಕೊಡುತ್ತಾರೋ ಅವರಿಗೆ ಬೇಕಾದ ಹಾಗೆ ಬರೆಯಿರಿ ಅನ್ನುವ ಒತ್ತಡವೂ ಬರುತ್ತದೆ.

ಹೆಣ್ಣುಮಗಳು ಒಬ್ಬಳೇ ಹೊಲಗದ್ದೆ ಸುತ್ತೋಕಾಗುತ್ತಾ? ಮನೇಲಿ ಬೇಡ ಅಂತಿದ್ದಾರೆ.

ಕಷ್ಟ ಇದೆ, ಮುಚ್ಚಿಡುವುದಿಲ್ಲ. ಶೌಚಾಲಯದ ಕಷ್ಟ ಎಲ್ಲಕ್ಕಿಂತ ದೊಡ್ಡದು. ಫೀಲ್ಡಿಗೆ ಹೋಗುವ ದಿನ ನೀರೇ ಕುಡಿಯದೆ ನೀರಿನ ಕೆಲಸ ಮಾಡಿದ್ದೇನೆ. ಒಬ್ಬಳೇ ಹೋಗಬೇಡ, ಡ್ರೈವರ್ ಮತ್ತು ಸಹಾಯಕರ ಜೊತೆ ಹೋಗು.

ಆದರೆ ನಮಗೆ ಸಿಗುವ ಮಾಹಿತಿ ಗಂಡಸರಿಗೆ ಸಿಗುವುದಿಲ್ಲ. ನನ್ನ ಸಹೋದ್ಯೋಗಿ ಊರಿಗೆ ಹೋದರೆ ಯಜಮಾನರು ಕುರ್ಚಿ ಹಾಕಿ ಬೋರ್ ಕೊರೆಸಿದ ಖರ್ಚು ಹೇಳುತ್ತಾರೆ. ನಾನು ಹೋದರೆ ಅಡುಗೆಮನೆಯವರೆಗೂ ಕರೆದುಕೊಂಡು ಹೋಗುತ್ತಾರೆ. ‘ಮೇಲಿನ ಕೇರಿ ಬೋರಲ್ಲಿ ಬೇಳೆ ಬೇಯಲ್ಲಕ್ಕ, ಬೇಸಿಗೇಲಂತೂ ಪಾತ್ರೆಗೆ ಬಿಳಿ ಹಿಡಿಯುತ್ತೆ.’ ಗಡಸುತನ ಎಲ್ಲಿ, ಯಾವ ತಿಂಗಳಲ್ಲಿ ಏರುತ್ತದೆ ಅಂತ ಒಂದೇ ಮಾತಲ್ಲಿ ಗೊತ್ತಾಯಿತು. ಲ್ಯಾಬ್ ಅದನ್ನು ಖಚಿತ ಮಾಡಿತು ಅಷ್ಟೇ.

## ಹೊಳೆಯ ಪ್ರಶ್ನೆಗಳು

ಹೊಳೆ ಕೆಟ್ಟಿದೆ ಅಂತ ಯಾವ ಲೆಕ್ಕದಲ್ಲಿ ಹೇಳ್ತೀರಿ?

ಮೊದಲು ನೋಡುವುದು ನೀರಲ್ಲಿ ಕರಗಿದ ಆಮ್ಲಜನಕ. ನಮ್ಮ ಹವೆಯಲ್ಲಿ ಆರೋಗ್ಯವಾಗಿರುವ ಹೊಳೆಯಲ್ಲಿ ಲೀಟರಿಗೆ ಏಳೆಂಟು ಮಿಲಿಗ್ರಾಂ ಇರುತ್ತದೆ. ಆಮೇಲೆ ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆ ಅನ್ನುವ ಅಳತೆ ಅದು. ಹೊರದೇಶದ ಪುಸ್ತಕಗಳಲ್ಲಿ 20 ಡಿಗ್ರಿಯಲ್ಲಿ ಐದು ದಿನ ಇಡಬೇಕು ಅಂತಿರುತ್ತದೆ. ನಮ್ಮ ಸೆಕೆಗೆ ತಕ್ಕ ಹಾಗೆ ಇಲ್ಲಿ 27 ಡಿಗ್ರಿಯಲ್ಲಿ ಮೂರು ದಿನ. ಹೊಸಬರು ಎರಡನ್ನೂ ಹೋಲಿಸಿ ಗೊಂದಲ ಮಾಡಿಕೊಳ್ಳುತ್ತಾರೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ‘ಎ’ಯಿಂದ ‘ಇ’ವರೆಗೆ ವರ್ಗ ಮಾಡಿದೆ. ಕ್ಲೋರಿನ್ ಹಾಕಿದರೆ ಸಾಕು ಕುಡಿಯಬಹುದು ಅನ್ನುವ ‘ಎ’ಗೆ ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂ ಅಥವಾ ಜಾಸ್ತಿ, ಬಿಒಡಿ 2 ಅಥವಾ ಕಡಿಮೆ ಇರಬೇಕು. ಸ್ನಾನಕ್ಕೆ ‘ಬಿ’, ಅದಕ್ಕೆ ಬಿಒಡಿ 3ರೊಳಗೆ. ‘ಇ’ ಅಂದರೆ ಹೊಲಕ್ಕೆ ಬಿಡಬಹುದಾದ ನೀರು. ಅದಕ್ಕೂ ಸಲ್ಲದ ನೀರಿರುವ ಕಡೆಗಳೂ ಇವೆ.

ಅರ್ಕಾವತಿ ಯಾಕೆ ಬತ್ತಿ ಹೋಯ್ತು? ಮಳೆ ಕಡಿಮೆ ಆಗಿದ್ದಕ್ಕಾ?

ನನ್ನನ್ನು ಹೊಳೆಗೆ ಇಳಿಸಿದ ಪ್ರಶ್ನೆ ಇದೇ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. 1890ರ ದಶಕದಿಂದ ಹೆಸರಘಟ್ಟದ ಕೆರೆಯಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಹೊಳೆ ಇದು. ಈಗ ಮೇಲ್ಭಾಗದಲ್ಲಿ ವರ್ಷದ ಬಹುಪಾಲು ಬರೀ ಮರಳು, ಜಾಲಿ.

ಮಳೆಯ ಮೇಲೆ ಹೊರಿಸುವುದು ಸುಲಭ. ಆದರೆ ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಳೆಯ ಲೆಕ್ಕಕ್ಕೂ ಹೊಳೆ ಬತ್ತಿದ್ದಕ್ಕೂ ತಾಳೆಯಾಗಲಿಲ್ಲ. ಬೊಟ್ಟು ಹೋಗಿದ್ದು ಬೋರ್‌ವೆಲ್‌ಗಳ ಕಡೆಗೆ, ನೀಲಗಿರಿ ತೋಪುಗಳ ಕಡೆಗೆ, ಹಳ್ಳಗಳಿಗೆ ಅಡ್ಡ ಕಟ್ಟಿದ ಸಣ್ಣ ಸಣ್ಣ ತಡೆಗಳ ಕಡೆಗೆ.

ಬೋರ್‌ಗೂ ಹೊಳೆಗೂ ಏನು ಸಂಬಂಧ ಅಂತೀರಾ? ಮಳೆ ನಿಂತ ಮೇಲೂ ಡಿಸೆಂಬರ್, ಜನವರಿವರೆಗೆ ಹೊಳೆ ಹರಿಯುತ್ತಿತ್ತಲ್ಲ, ಆ ನೀರು ಎಲ್ಲಿಂದ ಬರುತ್ತಿತ್ತು? ಎರಡೂ ದಡದ ಸವೆದ ಪದರದಲ್ಲಿ ತುಂಬಿದ್ದ ನೀರು ಒಸರಿ ಬರುತ್ತಿತ್ತು. ಬಾವಿಯ ನೀರಿನ ಮಟ್ಟ ಹೊಳೆಯ ತಳಕ್ಕಿಂತ ಮೇಲಿದ್ದಾಗ ಬಾವಿ ಹೊಳೆಗೆ ಕೊಡುತ್ತದೆ. ಬೋರ್‌ಗಳು ಆ ಮಟ್ಟವನ್ನು ನೂರಾರು ಅಡಿ ಕೆಳಗೆ ಎಳೆದವು. ಈಗ ಹೊಳೆಗೆ ನೀರು ಬಂದರೂ ಕೆಳಗೆ ಇಂಗಿಹೋಗುತ್ತದೆ. ಕೊಡುತ್ತಿದ್ದ ನೆಲ ಬೇಡುವ ನೆಲ ಆಯಿತು.

ಇನ್ನು ಕೆಳಗೆ ಬಂದರೆ ಅದೇ ಅರ್ಕಾವತಿ ವರ್ಷವಿಡೀ ಹರಿಯುತ್ತದೆ! ಅದು ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆ. ಬಿಡದಿ ಹತ್ತಿರದ ಭೈರಮಂಗಲ ಕೆರೆ ಸುತ್ತ ಅದೇ ನೀರಲ್ಲಿ ಬೇಬಿ ಕಾರ್ನ್, ಮೇವಿನ ಹುಲ್ಲು ಬೆಳೆಯುತ್ತಾರೆ. ಅಲ್ಲಿನ ರೈತರೊಬ್ಬರು ‘ನೀರು ನಾರುತ್ತೆ ನಿಜ, ಆದ್ರೆ ಕೈಕೊಡಲ್ಲ’ ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೆ.ಸಿ. ವ್ಯಾಲಿ ನೀರಿಂದ ಕೋಲಾರಕ್ಕೆ ಒಳ್ಳೇದಾಯ್ತಾ, ಕೆಟ್ಟದ್ದಾಯ್ತಾ?

ಎರಡು ಪ್ರಶ್ನೆ ಒಟ್ಟಿಗೆ ಕೇಳುತ್ತಿದ್ದೀರಿ. ಒಂದು ನೀರಿನ ಪ್ರಮಾಣದ್ದು, ಇನ್ನೊಂದು ಗುಣದ್ದು.

ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ದಿನಕ್ಕೆ 44 ಕೋಟಿ ಲೀಟರ್ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ ಅದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಜುಲೈನಲ್ಲಿ ನೊರೆ ಕಾಣಿಸಿತು, ಹೈಕೋರ್ಟ್ ಕೆಲಕಾಲ ತಡೆಯಿತು. ಆಮೇಲೆ ಮತ್ತೆ ಹರಿಯಿತು. ಕೆರೆಗಳ ಸುತ್ತ ನೀರಿನ ಮಟ್ಟ ಏರಿದ್ದು ನಿಜ. ಒಣಗಿದ್ದ ಬಾವಿಯಲ್ಲಿ ನೀರು ಕಂಡು ಕಣ್ಣೊರೆಸಿಕೊಂಡವರನ್ನು ನೋಡಿದ್ದೇನೆ. ಅದನ್ನು ಹಗುರವಾಗಿ ಮಾತಾಡಲು ನನಗೆ ಮನಸ್ಸಿಲ್ಲ.

ಗುಣದ ಮಾತು ಬೇರೆ. ಎರಡು ಹಂತದಲ್ಲಿ ಕೊಳೆ ಮತ್ತು ಕೆಸರು ಹೋಗುತ್ತವೆ. ನೈಟ್ರೇಟ್, ರಂಜಕ, ಔಷಧಿಗಳ ಚೂರುಪಾರು ಪೂರ್ತಿ ಹೋಗುವುದಿಲ್ಲ. ಹೊಸ ನೀರು ಬೆರೆತು ಕೆಲವು ಬೋರ್‌ಗಳಲ್ಲಿ ಫ್ಲೋರೈಡ್ ಇಳಿಯಬಹುದು, ಅದೇ ಬೋರ್‌ನಲ್ಲಿ ನೈಟ್ರೇಟ್ ಏರಬಹುದು. ಬಂಡೆಯ ಬಿರುಕಿಗೆ ಇಳಿದ ಕೊಳೆಯನ್ನು ಹೊರಗೆ ತೆಗೆಯುವ ದಾರಿ ನಮಗೆ ಗೊತ್ತಿಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು, ಕೆರೆಯ ಪಕ್ಕದ ಬೋರ್‌ಗಳನ್ನು ಹತ್ತಿಪ್ಪತ್ತು ವರ್ಷ ಬಿಡದೆ ಪರೀಕ್ಷೆ ಮಾಡಬೇಕು, ಆ ಲೆಕ್ಕ ಗ್ರಾಮ ಪಂಚಾಯ್ತಿ ಗೋಡೆ ಮೇಲೆ ಇರಬೇಕು ಅನ್ನುವುದು ನನ್ನ ನಿಲುವು. ನೀರನ್ನೇ ನಿಲ್ಲಿಸಿ ಅನ್ನುವವರ ಜೊತೆಗೂ ಇಲ್ಲ, ಎಲ್ಲ ಸರಿಯಿದೆ ಅನ್ನುವವರ ಜೊತೆಗೂ ಇಲ್ಲ. ಇಬ್ಬರಿಂದಲೂ ಬೈಸಿಕೊಂಡಿದ್ದೇನೆ.

## ಸ್ವಲ್ಪ ಆಳದ್ದು

ನೀರಿಗೆ ವಯಸ್ಸು ಇರುತ್ತಾ? ಅದನ್ನ ಹೇಗೆ ಕಂಡುಹಿಡೀತಾರೆ?

ಮಳೆಯಾಗಿ ಬಿದ್ದು ನೆಲಕ್ಕೆ ಇಳಿದು ಎಷ್ಟು ಕಾಲ ಆಯಿತು ಅನ್ನುವುದೇ ನೀರಿನ ವಯಸ್ಸು. 1950, 60ರ ದಶಕದಲ್ಲಿ ದೊಡ್ಡ ದೇಶಗಳು ಗಾಳಿಯಲ್ಲೇ ಅಣುಬಾಂಬ್ ಪರೀಕ್ಷೆ ಮಾಡಿದವು. ಅದರಿಂದ ಟ್ರಿಟಿಯಂ ಅನ್ನುವ ವಿಕಿರಣಶೀಲ ಹೈಡ್ರೋಜನ್ ಲೋಕದ ಎಲ್ಲ ಮಳೆಯಲ್ಲೂ ಸೇರಿತು, 1963ರ ಹೊತ್ತಿಗೆ ತುತ್ತತುದಿ ಮುಟ್ಟಿತು. 12.3 ವರ್ಷಕ್ಕೊಮ್ಮೆ ಅದು ಅರ್ಧ ಆಗುತ್ತದೆ. ಬೋರ್ ನೀರಲ್ಲಿ ಟ್ರಿಟಿಯಂ ಸಿಕ್ಕಿದರೆ ಅದರಲ್ಲಿ ಈಚಿನ ಮಳೆ ಸೇರಿದೆ ಅಂತ ಅರ್ಥ. ಹುಡುಕಿದರೂ ಸಿಗದಿದ್ದರೆ ಅದು ಬಾಂಬ್‌ಗಳಿಗೂ ಮುಂಚಿನ ಮಳೆ. ಇನ್ನೂ ಹಳೆಯದಕ್ಕೆ ಕಾರ್ಬನ್ 14 ಬಳಸುತ್ತಾರೆ. ಆಳದ ಬೋರ್‌ನಿಂದ ಅಂಥ ನೀರು ಎತ್ತಿ ಟೊಮೆಟೊಗೆ ಬಿಡುವುದನ್ನು ನೋಡಿದಾಗ ಅಜ್ಜನ ಕಾಲದ ಠೇವಣಿ ಮುರಿದು ಬಸ್ ಚಾರ್ಜಿಗೆ ಕೊಟ್ಟ ಹಾಗೆ ಅನ್ನಿಸುತ್ತದೆ.

ಲ್ಯಾಬ್ ರಿಪೋರ್ಟ್ ಸುಳ್ಳಾಗಿದ್ದು ಉಂಟಾ? ನಿಮ್ಮದೇ ತಪ್ಪಾಗಿದ್ದು?

ಎರಡೂ ಉಂಟು. ಮೊದಲ ವರ್ಷ ನಾನು ಇಂಕ್ ಪೆನ್ನಲ್ಲಿ ಚೀಟಿ ಬರೆದು ಬಾಟಲಿಗೆ ಅಂಟಿಸಿದ್ದೆ. ಐಸ್ ಕರಗಿ ಅಕ್ಷರವೆಲ್ಲ ತೊಳೆದುಹೋಯಿತು. ಹದಿನೆಂಟು ಬಾಟಲಿ, ಯಾವುದು ಯಾವ ಊರಿನದು ಅಂತ ದೇವರಿಗೇ ಗೊತ್ತು. ಮೂರು ದಿನದ ಸುತ್ತಾಟ ಚರಂಡಿಗೆ ಹೋಯಿತು. ಈಗ ಮುಚ್ಚಳದ ಮೇಲೆ, ಬಾಟಲಿಯ ಮೇಲೆ, ನೋಟ್‌ಬುಕ್ಕಿನಲ್ಲಿ, ಮೂರು ಕಡೆ ಬರೆಯುತ್ತೇನೆ.

ಲ್ಯಾಬಿನ ತಪ್ಪು ಹಿಡಿಯಲು ಒಂದು ಸರಳ ಲೆಕ್ಕ ಇದೆ. ನೀರಿಗೆ ಒಟ್ಟಾರೆ ವಿದ್ಯುತ್ ಹೊರೆ ಇರುವುದಿಲ್ಲ. ಹಾಗಾಗಿ ಮಿಲಿಗ್ರಾಂಗಳನ್ನು ವಿದ್ಯುತ್ ಹೊರೆಯ ಲೆಕ್ಕಕ್ಕೆ (ಮಿಲಿಈಕ್ವಿವಲೆಂಟ್) ತಿರುಗಿಸಿ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ ತಕ್ಕಡಿಯ ಒಂದು ತಟ್ಟೆಯಲ್ಲಿ, ಬೈಕಾರ್ಬೊನೇಟ್, ಕ್ಲೋರೈಡ್, ಸಲ್ಫೇಟ್, ನೈಟ್ರೇಟ್ ಇನ್ನೊಂದರಲ್ಲಿ ಇಟ್ಟರೆ ಎರಡೂ ಸಮ ಆಗಬೇಕು. ನೂರಕ್ಕೆ ಐದರಷ್ಟು ವ್ಯತ್ಯಾಸ ಒಪ್ಪುತ್ತೇವೆ. ಒಂದು ಖಾಸಗಿ ಲ್ಯಾಬಿನಿಂದ ಬಂದ ರಿಪೋರ್ಟ್‌ನಲ್ಲಿ 30ರಷ್ಟು ವ್ಯತ್ಯಾಸ ಇತ್ತು. ಫೋನ್ ಮಾಡಿ ಕೇಳಿದೆ. ಸೋಡಿಯಂ ಅಳೆಯುವ ಯಂತ್ರ ಕೆಟ್ಟಿತ್ತಂತೆ, ಹೋದ ವರ್ಷದ ಅಂಕಿಯನ್ನೇ ಹಾಕಿದ್ದರಂತೆ. ನಿಮ್ಮ ಕೈಗೆ ರಿಪೋರ್ಟ್ ಬಂದಾಗ ಈ ಲೆಕ್ಕ ಮಾಡಿ ನೋಡಿ. ಪಿಯುಸಿ ಕೆಮಿಸ್ಟ್ರಿ ಸಾಕು.

ಇಷ್ಟೆಲ್ಲ ಹೇಳ್ತೀರಲ್ಲ, ನಿಮ್ಮ ಮನೇಲಿ ಯಾವ ನೀರು ಕುಡೀತೀರಿ?

ಕಾವೇರಿ ನಲ್ಲಿ ನೀರು. ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ತರುವ ನೀರು. ಉಪ್ಪಿನಂಶ ಕಡಿಮೆ ಇರುವುದರಿಂದ ಆರ್‌ಒ ಹಾಕಿಸಿಲ್ಲ. ಕುದಿಸಿ, ಆರಿಸಿ, ಮಣ್ಣಿನ ಮಡಕೆಯಲ್ಲಿ ಇಡುತ್ತೇವೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಮಾತ್ರ ಡ್ರೈವರ್‌ನ ತಲೆ ತಿನ್ನುತ್ತೇನೆ: ಯಾವ ಊರಿನ ಬೋರ್, ಎಷ್ಟು ಅಡಿ? ‘ನೀರು ಬೇಕಾ, ಅದರ ಜಾತಕ ಬೇಕಾ ಮೇಡಂ?’ ಅಂತ ಒಬ್ಬ ಕೇಳಿದ್ದ. ಒಂದು ಬಾಟಲಿ ತುಂಬಿಕೊಂಡು ಹೋಗಿ ನೋಡಿದೆ. ನೈಟ್ರೇಟ್ 70 ಇತ್ತು. ಆ ಲೋಡನ್ನು ಗಿಡಗಳಿಗೂ ಬಾತ್‌ರೂಮಿಗೂ ಬಳಸಿದೆವು, ಕುಡಿಯಲು ಎರಡು ದಿನ ಎದುರುಮನೆಯವರಿಂದ ಕೊಡ ತಂದೆವು.